ಉಷ್ಣದ ಗಾಡಿಗೆ ತಂಪು ಪ್ಲಗ್ಗು

ನನ್ನ ಮಾವನವರ ಪ್ರಕಾರ ಲೋಕದಲ್ಲಿ ಇದ್ದದ್ದು ಎರಡೇ ಜಾತಿ, ಉಷ್ಣ ಮತ್ತು ತಂಪು. ಹುರುಳಿಕಾಳು ಉಷ್ಣ, ಹೆಸರುಕಾಳು ತಂಪು. ಪಪ್ಪಾಯಿ ಉಷ್ಣ, ಎಳನೀರು ತಂಪು. ಎಳ್ಳು, ಬೆಲ್ಲ, ಮೊಟ್ಟೆ, ಹೊಸ ಚಪ್ಪಲಿ, ಸಿನಿಮಾ, ಪತ್ರಿಕೆ ಓದುವ ಹೆಂಗಸು ಎಲ್ಲವೂ ಉಷ್ಣ. ಕಾಫಿಯೂ ಉಷ್ಣವೇ, ಆದರೆ ಅವರು ದಿನಕ್ಕೆ ಆರು ಲೋಟ ಕುಡಿದರೆ ಅಲ್ಲ. ಮನೆಯಲ್ಲಿ ಯಾರಿಗೆ ಏನು ಬಡಿಸಬೇಕು, ಯಾರು ಯಾವ ದಿನ ತಲೆಗೆ ಹರಳೆಣ್ಣೆ ಹಚ್ಚಿಕೊಳ್ಳಬೇಕು, ಯಾರಿಗೆ ಎಷ್ಟು ಮಾತು ಸಾಕು ಎಂಬುದನ್ನೆಲ್ಲ ಅವರು ಈ ಎರಡು ಪದಗಳಲ್ಲೇ ತೀರ್ಮಾನ ಮಾಡುತ್ತಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಅವರು ಹೋಗಿ ಬಹಳ ವರ್ಷವಾಯಿತು, ಒಳ್ಳೆಯದನ್ನು ಆಡುವುದಕ್ಕೆ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ನಾನು ದೇವನಹಳ್ಳಿ ಪಕ್ಕದ ವಿಜಯಪುರದ ಆ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಮನೆಯ ಹಿಂದೆ ರೇಷ್ಮೆನೂಲು ತೆಗೆಯುವ ದೊಡ್ಡ ಕೊಟ್ಟಿಗೆ. ಬೆಳಗಿನಿಂದ ಸಂಜೆಯವರೆಗೂ ಗೂಡು ಬೇಯುವ ಹಬೆ, ಸತ್ತ ಹುಳದ ವಾಸನೆ, ಚರಕಗಳ ಸದ್ದು. ಕೊಟ್ಟಿಗೆಯ ಒಲೆಗಳಿಗೆ ಸೌದೆ ಹೇಗೆ ತುಂಬಬೇಕು, ನೀರು ಎಷ್ಟು ಕಾಯಬೇಕು ಎಂಬುದು ಮಾವನಿಗೆ ಕೈ ಅದ್ದಿದರೆ ಗೊತ್ತಾಗುತ್ತಿತ್ತು. ಆ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಇದನ್ನು ನಾನು ಒಪ್ಪುತ್ತೇನೆ. ಒಂದು ಕೆಲಸ ಚೆನ್ನಾಗಿ ಬಂದವರು ಎಲ್ಲ ಕೆಲಸವೂ ತಮಗೆ ಬರುತ್ತದೆ ಎಂದುಕೊಂಡರೆ ಮನೆಯವರು ಅನುಭವಿಸಬೇಕಾಗುತ್ತದೆ.

ನನ್ನ ಅಪ್ಪ ಸೂಲಿಬೆಲೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಅಪ್ಪನ ಅಕ್ಕನೇ ನನ್ನ ಅತ್ತೆ. ತಮ್ಮನ ಮಗಳನ್ನೇ ಸೊಸೆಯಾಗಿ ತರಬೇಕೆಂದು ಅತ್ತೆ ಮೂರು ದಿನ ಊಟ ಬಿಟ್ಟದ್ದಕ್ಕೆ ಈ ಮದುವೆ ಆಯಿತು. ಮಾವ ಒಪ್ಪಿದರು, ಆದರೆ ಬೀಗರನ್ನು ಬೀಗರೆಂದು ಒಂದು ದಿನವೂ ಕರೆಯಲಿಲ್ಲ. ಅವರ ಬಾಯಲ್ಲಿ ನನ್ನ ಅಪ್ಪ ಯಾವಾಗಲೂ ‘ಡ್ರೈವರ್’. ಡ್ರೈವರ್ ಬಂದಿದ್ದನಾ, ಡ್ರೈವರ್ ಕಾಗದ ಬರೆದಿದ್ದಾನಾ. ನನ್ನೆದುರಿಗೇ, ಊಟಕ್ಕೆ ಕೂತಾಗಲೂ ಹಾಗೆಯೇ ಅನ್ನುತ್ತಿದ್ದರು. ನಾನು ತಲೆ ಬಗ್ಗಿಸಿ ಬಡಿಸುತ್ತಿದ್ದೆ. ಒಳಗೆ ಹಲ್ಲು ಕಡಿಯುತ್ತಿದ್ದೆ.

ಆ ಡ್ರೈವರನ ಮಗಳಾಗಿ ನಾನು ಕಲಿತ ಮೊದಲ ವಿದ್ಯೆ ಪ್ಲಗ್ಗು ಉಜ್ಜುವುದು. ಭಾನುವಾರ ಅಪ್ಪ ಬಾನೆಟ್ ಎತ್ತಿ, ಇಂಜಿನ್ನಿಗೆ ಕಿಡಿ ಕೊಡುವ ನಾಲ್ಕು ಪ್ಲಗ್ಗು ಬಿಚ್ಚಿ ಗೋಣಿತಾಟಿನ ಮೇಲೆ ಇಡುತ್ತಿದ್ದ. ನಾನು ಪೆಟ್ರೋಲಿನಲ್ಲಿ ಅದ್ದಿ, ಉಪ್ಪುಕಾಗದದಲ್ಲಿ ಉಜ್ಜಿ, ತುದಿಯ ಸಂದಿನಲ್ಲಿ ಹೆಬ್ಬೆರಳ ಉಗುರು ತೂರುತ್ತದೆಯೇ ಎಂದು ನೋಡಿ ಕೊಡುತ್ತಿದ್ದೆ. ಪ್ಲಗ್ಗಿನ ತುದಿ ನೋಡಿದರೆ ಇಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಬಹುದು ಎನ್ನುತ್ತಿದ್ದ ಅಪ್ಪ. ಹೆಂಚಿನ ಬಣ್ಣಕ್ಕಿದ್ದರೆ ಆರೋಗ್ಯ. ಬೂದಿಯ ಹಾಗೆ ಬೆಳ್ಳಗಿದ್ದರೆ ಕಾಯುತ್ತಿದೆ. ಕಪ್ಪಗೆ, ಎಣ್ಣೆಯೆಣ್ಣೆಯಾಗಿದ್ದರೆ ಇಂಜಿನ್ನು ಮುದಿಯಾಗಿದೆ, ಎಣ್ಣೆ ಕುಡಿಯುತ್ತಿದೆ. ಅಂಥ ಮುದಿ ಇಂಜಿನ್ನಿಗೆ ‘ಹಾಟ್’ ಪ್ಲಗ್ಗು ಹಾಕಬೇಕು, ಒಳಗಿನ ಪಿಂಗಾಣಿಯ ಮೂಗು ಉದ್ದವಿರುವಂಥದ್ದು. ಅದು ಇಂಜಿನ್ನಿಗೆ ಶಾಖ ಕೊಡುವುದಿಲ್ಲ, ತನ್ನ ಮೂತಿಯನ್ನು ಮಾತ್ರ ಬಿಸಿಯಾಗಿ ಇಟ್ಟುಕೊಂಡು ಮೇಲೆ ಬಿದ್ದ ಎಣ್ಣೆಯನ್ನು ತಾನೇ ಸುಟ್ಟುಕೊಳ್ಳುತ್ತದೆ. ‘ಕೋಲ್ಡ್’ ಪ್ಲಗ್ಗಿನದು ಮೋಟು ಮೂಗು, ಅದೇನಿದ್ದರೂ ಜೋರಾಗಿ ಓಡುವ ಗಾಡಿಗೆ. ಒಲೆ ಚೆನ್ನಾಗಿ ಕಾದಿದ್ದರೆ ಹಸಿ ಸೌದೆಯೂ ಉರಿಯುತ್ತದೆ, ಒಲೆ ತಣ್ಣಗಿದ್ದರೆ ಮನೆಯೆಲ್ಲ ಹೊಗೆ. ಅಪ್ಪ ಹೇಳಿಕೊಟ್ಟದ್ದು ಇಷ್ಟೇ, ಹತ್ತು ವರ್ಷದ ಹುಡುಗಿಗೆ ಅಷ್ಟರಲ್ಲೇ ಅರ್ಥವಾಗಿತ್ತು.

ಮದುವೆಯಾದ ಎರಡು ವರ್ಷಕ್ಕೆ ಮಾವ ಬೆಂಗಳೂರಿನ ಡಾಕ್ಟರೊಬ್ಬರಿಂದ ಹಳೆಯ ಕಪ್ಪು ಅಂಬಾಸಿಡರ್ ಕೊಂಡುಕೊಂಡರು. ಓಡಿಸುವವರು ನನ್ನ ಗಂಡ. ಪಕ್ಕದ ಸೀಟಿನಲ್ಲಿ ಕೂತು ಮಾವ ಮೆಲ್ಲಗೆ, ಮೆಲ್ಲಗೆ ಎನ್ನುತ್ತಿದ್ದರು, ಏಕೆಂದರೆ ವೇಗವೂ ಉಷ್ಣ. ಆ ಕಾರು ದೇವನಹಳ್ಳಿಯ ರಸ್ತೆಯಲ್ಲಿ ಎತ್ತಿನಗಾಡಿಯ ಹಿಂದೆ ಎತ್ತಿನಗಾಡಿಯ ಹಾಗೆಯೇ ಹೋಗುತ್ತಿತ್ತು. ಆದರೂ ಅದು ಕಾಯುತ್ತಿತ್ತು, ರೇಡಿಯೇಟರಿನಿಂದ ಬುಸುಗುಟ್ಟುತ್ತ ಹಬೆ ಬರುತ್ತಿತ್ತು. ನಮ್ಮೂರಿನ ಗಡಸು ನೀರು ಹೊಯ್ದೂ ಹೊಯ್ದೂ ರೇಡಿಯೇಟರಿನ ಒಳಗೆಲ್ಲ ಉಪ್ಪು ಕಟ್ಟಿತ್ತು, ಅಷ್ಟೇ. ಮಾವ ಬಾನೆಟ್ಟಿನ ಮೇಲೆ ಅಂಗೈಯ ಹಿಂಬದಿ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರ ಹಾಗೆ ತಲೆಯಾಡಿಸಿ, ಈ ಗಾಡಿಯದು ಉಷ್ಣ ಶರೀರ ಎಂದು ತೀರ್ಪು ಕೊಟ್ಟರು. ಅಂದಿನಿಂದ ಒದ್ದೆ ಗೋಣಿಚೀಲ ಅದರ ಮೂತಿಗೆ ಕಟ್ಟುವುದಾಯಿತು.

ನಾನು ಮದುವೆಗೆ ಮುಂಚೆ ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಆ ಮನೆಗೆ ಬಂದ ಮೇಲೆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಪ್ರೈಮರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದ್ದು ಅತ್ತೆಗೆ ಮತ್ತು ನನ್ನ ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಇಂಟರ್‌ವ್ಯೂಗೆ ಬೆಂಗಳೂರಿಗೆ ಬರಬೇಕೆಂಬ ಕಾಗದ ಮಾವನ ಕೈಗೇ ಬಂತು. ಮನೆಯಲ್ಲಿ ಬಿರುಗಾಳಿ ಏಳುತ್ತದೆ ಎಂದುಕೊಂಡಿದ್ದೆ. ಏಳಲಿಲ್ಲ. ಸೊಸೆಗೆ ಸರ್ಕಾರದಿಂದ ಕಾಗದ ಬಂದದ್ದನ್ನು ಅವರು ಅಂದೇ ಗೂಡಿನ ಮಾರುಕಟ್ಟೆಯಲ್ಲಿ ನಾಲ್ಕು ಜನಕ್ಕೆ ತೋರಿಸಿ ಬಂದಿದ್ದರು. ಕೆಲಸ ಸಿಗುವುದಿಲ್ಲವೆಂದು ಅವರಿಗೆ ಗ್ಯಾರಂಟಿ ಇತ್ತು. ಸಿಗದ ಕೆಲಸಕ್ಕೆ ಸೊಸೆಯನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದರಲ್ಲಿ ಅವರಿಗೆ ಮರ್ಯಾದೆಯೇ ಹೊರತು ನಷ್ಟವಿರಲಿಲ್ಲ.

ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತು ಎಂದರೆ, ಅದು ಸಿಗದಿದ್ದರೆ ಆ ಮನೆಯ ಹಬೆಯಲ್ಲೇ ನಾನೂ ಒಂದು ಗೂಡಿನ ಹಾಗೆ ಬೆಂದುಹೋಗುತ್ತೇನೆ ಎಂದು ನನಗೆ ಅನ್ನಿಸಿತ್ತು. ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದೆ. ಬೆಳಗ್ಗೆ ಆರಕ್ಕೆ ಸರ್ಕಾರಿ ಬಸ್ಸು ಇತ್ತು, ಒಂಬತ್ತರೊಳಗೆ ಬೆಂಗಳೂರು ಸೇರಿಸುತ್ತಿತ್ತು. ಮಾವ ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು.

“ಮನೆ ಮುಂದೆ ಓಡೋ ಕಾರು ಇರೋವಾಗ ನಮ್ಮನೆ ಸೊಸೆ ಬಸ್‌ಸ್ಟ್ಯಾಂಡಲ್ಲಿ ನಿಲ್ಲೋದು ಅಂದ್ರೇನು? ಹೋದ್ರೆ ಕಾರಲ್ಲಿ. ಇಲ್ದಿದ್ರೆ ಬ್ಯಾಡ.”

ಆ ಕಾರು ಆಗ ಸರಿಯಾಗಿ ಓಡುತ್ತಲೇ ಇರಲಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ಬಿಕ್ಕಳಿಸುತ್ತಿತ್ತು, ಏರಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಊರಿನ ಮಿಸ್ತ್ರಿ ಬಂದು ಪ್ಲಗ್ಗು ಬಿಚ್ಚಿ ನೋಡಿ, ಇವು ಸತ್ತಿವೆ ಸಾಹೇಬ್ರೆ, ಹೊಸ ಸೆಟ್ಟು ತನ್ನಿ ಎಂದು ಹೇಳಿಹೋದ. ಬಿಚ್ಚಿದ ಪ್ಲಗ್ಗುಗಳನ್ನು ನಾನು ಅಂಗಳದಲ್ಲಿ ನೋಡಿದೆ. ನಾಲ್ಕೂ ಹರಳೆಣ್ಣೆ ದೀಪದ ಕಾಡಿಗೆಯ ಹಾಗೆ ಕಪ್ಪಗೆ, ಜಿಡ್ಡಾಗಿ ಇದ್ದವು. ಹಾಟ್ ಪ್ಲಗ್ಗು ತರಬೇಕು ಎಂದು ಗಂಡನಿಗೆ ಹೇಳಿದೆ. ತಮ್ಮ ಅಪ್ಪನಿಗೆ ಹೇಳುತ್ತೇನೆ ಎಂದರು. ಅವರು ಏನನ್ನೂ ಹೇಳುವುದಿಲ್ಲವೆಂದು ಆ ಹೊತ್ತಿಗೆ ನನಗೆ ಚೆನ್ನಾಗಿಯೇ ಗೊತ್ತಿತ್ತು.

ಇಂಟರ್‌ವ್ಯೂಗೆ ಹತ್ತು ದಿನ ಇರುವಾಗ ಅತ್ತೆಯ ಕನ್ನಡಕ ಮಾಡಿಸಲು ಎಲ್ಲರೂ ಬೆಂಗಳೂರಿಗೆ ಹೋದೆವು. ಬಿಕ್ಕಳಿಸುತ್ತಲೇ ಕಾರು ಹೇಗೋ ಜೆ.ಸಿ. ರಸ್ತೆ ಮುಟ್ಟಿತು. ಅಲ್ಲಿ ಸಾಲಾಗಿ ಮೋಟಾರು ಸಾಮಾನಿನ ಅಂಗಡಿಗಳು. ಒಂದು ಅಂಗಡಿಯಾತ ಗಾಡಿ ಯಾವುದು, ಹೇಗಿದೆ ಎಂದೆಲ್ಲ ವಿಚಾರಿಸಿ, ಎರಡು ಡಬ್ಬಿಯಿಂದ ಒಂದೊಂದು ಪ್ಲಗ್ಗು ತೆಗೆದು ಗಾಜಿನ ಮೇಲೆ ಇಟ್ಟ. ಎರಡೂ ಒಂದೇ ಅಳತೆ, ಒಂದೇ ಹೊಳಪು. ತಲೆಕೆಳಗು ಮಾಡಿ ನೋಡಿದರೆ ಮಾತ್ರ ಒಂದರ ಒಳಗಿನ ಪಿಂಗಾಣಿ ಉದ್ದ, ಇನ್ನೊಂದರದು ಮೋಟು. ನಾನು ಸೆರಗು ಹೊದ್ದು ಹಿಂದೆ ನಿಂತವಳು ಅಲ್ಲಿಂದಲೇ ಗುರುತು ಹಿಡಿದೆ.

“ಹಾಟ್ ಬೇಕಾ ಕೋಲ್ಡ್ ಬೇಕಾ ಸಾರ್?” ಎಂದ ಅಂಗಡಿಯಾತ.

ಮಾವನ ಮುಖ ಅರಳಿತು. ಇಷ್ಟು ದಿನಕ್ಕೆ ತಮ್ಮ ಭಾಷೆ ಬಲ್ಲವನೊಬ್ಬ ಸಿಕ್ಕಿದ ಎಂಬಂತೆ ಸ್ಟೂಲು ಎಳೆದುಕೊಂಡು ಕೂತರು. ನಮ್ಮ ಗಾಡಿಯದು ಉಷ್ಣ ಪ್ರಕೃತಿ, ಹತ್ತು ಮೈಲಿಗೆ ಕುದಿಯುತ್ತದೆ, ಗೋಣಿಚೀಲ ಕಟ್ಟಿದರೂ ಕೇಳುವುದಿಲ್ಲ, ಆದ್ದರಿಂದ ತಂಪಾಗಿರುವುದನ್ನೇ ಕೊಡಿ ಎಂದರು. ಅಂಗಡಿಯಾತ, ನಿಧಾನವಾಗಿ ಓಡಿಸುವ ಹಳೆಯ ಗಾಡಿಯಾದರೆ ಇನ್ನೊಂದು ಒಳ್ಳೆಯದು ಎಂದು ಒಂದು ಸಲ ಹೇಳಿ ನೋಡಿದ. ಮಾವ ಕೈಯಾಡಿಸಿದರು. ನನಗೆ ತಡೆಯಲಿಲ್ಲ. ಮುಂದೆ ಬಂದು, ಮಾವ, ಹಾಟ್ ಅಂದರೆ ಉಷ್ಣ ಅಲ್ಲ, ಅದು ಪ್ಲಗ್ಗಿನ ಮೂತಿಯ ಮಾತು, ನಮ್ಮ ಇಂಜಿನ್ನು ಎಣ್ಣೆ ಕುಡಿಯುತ್ತದೆ, ಅದಕ್ಕೆ ಇದೇ ಆಗಬೇಕು ಎಂದು ಉದ್ದ ಮೂಗಿನದನ್ನು ತೋರಿಸಿದೆ. ಅಂಗಡಿಯಾತ ಆಶ್ಚರ್ಯದಿಂದ ನನ್ನನ್ನೇ ನೋಡಿದ. ಅವನು ನೋಡಿದ್ದೇ ತಪ್ಪಾಯಿತು.

“ಜ್ವರ ಬಂದೋನಿಗೆ ಹುರುಳಿಕಟ್ಟು ಕುಡ್ಸು ಅಂತಾಳೆ ಡ್ರೈವರ್ ಮಗಳು,” ಎಂದು ಮಾವ ನಕ್ಕರು. ಪಕ್ಕದ ಗಿರಾಕಿಗಳೂ ನಕ್ಕರು. ನನ್ನ ಗಂಡ ಗೋಡೆಗೆ ನೇತುಹಾಕಿದ್ದ ಫ್ಯಾನ್‌ಬೆಲ್ಟುಗಳನ್ನು ಎಣಿಸುವವರ ಹಾಗೆ ನೋಡುತ್ತ ನಿಂತಿದ್ದರು.

ಆ ನಾಲ್ಕು ಕೋಲ್ಡ್ ಪ್ಲಗ್ಗು ಕಟ್ಟಿಕೊಡುವಾಗ ಅಂಗಡಿಯಾತ, ಇದನ್ನು ನಿಮ್ಮ ಕಡೆಯವರು ಯಾರೂ ಕೇಳುವುದೇ ಇಲ್ಲ ಎಂದ. ಮಾವ ಅದನ್ನು ಹೊಗಳಿಕೆ ಎಂದು ತಿಳಿದು ದಾರಿಯುದ್ದಕ್ಕೂ ಮೂರು ಸಲ ಹೇಳಿದರು.

ಮಾರನೆಯ ದಿನ ಪ್ಲಗ್ಗುಗಳಿಗೆ ದೇವರ ಮನೆಯಲ್ಲಿ ಪೂಜೆಯಾಯಿತು. ಒಂದೊಂದರ ಬಿಳಿ ಪಿಂಗಾಣಿಯ ಮೇಲೂ ಮಾವ ಅರಿಸಿನ ಕುಂಕುಮದ ಬೊಟ್ಟು ಇಟ್ಟರು. ಮಿಸ್ತ್ರಿ ಅವನ್ನು ಹಾಕುವಾಗ ತಲೆ ಕೆರೆದುಕೊಂಡ. ಮೊದಲ ದಿನ ಗಾಡಿ ಪರವಾಗಿಲ್ಲ ಎನ್ನಿಸಿತು. ಮೂರನೆಯ ದಿನ ಮತ್ತೆ ಬಿಕ್ಕಳಿಕೆ. ಐದನೆಯ ದಿನ ದೇವನಹಳ್ಳಿಯಿಂದ ಬರುವಾಗ ಎರಡು ಸಲ ನಿಂತಿತು. ಮಾವ ಸ್ವಲ್ಪವೂ ಅಲುಗಲಿಲ್ಲ. ಮದ್ದು ಮೈಗೆ ಹಿಡಿಯುವುದಕ್ಕೆ ಹೊತ್ತು ಬೇಕು, ತಂಪು ಒಂದೇ ದಿನಕ್ಕೆ ಇಳಿಯುವುದಿಲ್ಲ, ಪಥ್ಯದಲ್ಲಿರಬೇಕು ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಈ ಗಾಡಿಯಲ್ಲಿ ಹೊರಟರೆ ನಾನು ಬೆಂಗಳೂರು ಮುಟ್ಟುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಅಪ್ಪನಿಗೆ ಒಂದು ಕಾರ್ಡು ಬರೆದೆ. ಇಂಟರ್‌ವ್ಯೂಗೆ ಎರಡು ದಿನ ಇರುವಾಗ ಅಪ್ಪ ಬಂದ. ಹಳೆಯ ಪಂಚೆಯ ತುಂಡಿನಲ್ಲಿ ನಾಲ್ಕು ಹಾಟ್ ಪ್ಲಗ್ಗು ಸುತ್ತಿ ತಂದಿದ್ದ. ತನ್ನ ಟ್ಯಾಕ್ಸಿಯಲ್ಲಿ ಒಂದಿಷ್ಟು ದಿನ ಓಡಿದವು, ಆದರೆ ಉಜ್ಜಿ, ಸಂದು ಸರಿಮಾಡಿ, ಮದುವೆಗೆ ಹೊರಟ ಹಾಗೆ ಮಾಡಿಕೊಂಡು ಬಂದಿದ್ದ. ಜಗಲಿಯ ಅಂಚಿನಲ್ಲಿ ಕೂತು, ಬೀಗರಿಗೆ ಬಹಳ ಮರ್ಯಾದೆಯಿಂದ ವಿಷಯ ಹೇಳಿದ. ಹಾಟು ಕೋಲ್ಡು ಎಂದರೆ ಏನೆಂದು ಒಲೆ ಮತ್ತು ಹಸಿ ಸೌದೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದ. ಜೀವಮಾನವೆಲ್ಲ ಒಲೆಯ ಮುಂದೆ ಕಳೆದವರಿಗೆ ಅದು ಅರ್ಥವಾಗಲೇಬೇಕಿತ್ತು. ಅರ್ಥವಾಯಿತು ಎಂದೇ ನನ್ನ ನಂಬಿಕೆ. ಒಂದು ಗಳಿಗೆ ಮಾವನ ಕಣ್ಣು ಕೊಟ್ಟಿಗೆಯ ಒಲೆಗಳ ಕಡೆ ಹೋಗಿ ಬಂತು. ಆದರೆ ಹೇಳಿದವನು ಡ್ರೈವರ್.

“ನೋಡಪ್ಪಾ, ನಿನ್ನ ಟ್ಯಾಕ್ಸಿಯಲ್ಲಿ ಉಪಯೋಗ್ಸಿ ಬಿಟ್ಟಿದ್ದನ್ನ ನನ್ನ ಗಾಡಿಗೆ ಹಾಕ್ಸೋ ಗತಿ ನನಗಿನ್ನೂ ಬಂದಿಲ್ಲ,” ಎಂದರು ಮಾವ. ಒಳಗೆ ಎದ್ದು ಹೋದರು. ಬಂದವರಿಗೆ ಮಜ್ಜಿಗೆ ಕೊಡಿ ಎಂದು ಕೂಡ ಹೇಳಲಿಲ್ಲ.

ಅಪ್ಪ ಮಜ್ಜಿಗೆ ಕುಡಿದ, ಅತ್ತೆ ತಂದುಕೊಟ್ಟರು. ಹೊರಡುವಾಗ ಆ ಗಂಟನ್ನೂ ಪ್ಲಗ್ಗು ಬಿಚ್ಚುವ ಸ್ಪ್ಯಾನರನ್ನೂ ನನ್ನ ಕೈಗೆ ಕೊಟ್ಟು, ನಿನಗೆ ಕೈ ಮರೆತಿಲ್ಲ ತಾನೆ ಎಂದು ಕೇಳಿದ. ಮರೆತಿಲ್ಲ ಎಂದೆ. ಅವನ ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ನಾನೇ ಸಿಟ್ಟು ಮಾಡಿಕೊಂಡೆ.

ಮಾರನೆಯ ದಿನ ಬೆಳಗ್ಗೆ ಮಾವ ಮತ್ತು ನನ್ನ ಗಂಡ ಗೂಡು ಕೊಳ್ಳಲು ಮಾರುಕಟ್ಟೆಗೆ ನಡೆದುಕೊಂಡೇ ಹೋದರು. ಕೊಟ್ಟಿಗೆಯವರೆಲ್ಲ ಚರಕದ ಮುಂದೆ ಇದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಕಾರಿನ ಬಾನೆಟ್ ಎತ್ತಿದೆ. ತಂತಿಗಳು ಅದಲುಬದಲಾಗದಂತೆ ಒಂದೊಂದೇ ಕಿತ್ತು, ಒಂದೊಂದೇ ಪ್ಲಗ್ಗು ಬಿಚ್ಚಿದೆ. ಹತ್ತು ದಿನವೂ ತುಂಬದ ಹೊಸ ಪ್ಲಗ್ಗುಗಳ ಮೋಟು ಮೂಗು ಕಾಣದ ಹಾಗೆ ಮಸಿ ಮೆತ್ತಿತ್ತು. ಮೇಲಿನ ಪಿಂಗಾಣಿಯಲ್ಲಿ ಮಾವ ಇಟ್ಟ ಕುಂಕುಮ ಮಾತ್ರ ಹಾಗೇ ಇತ್ತು. ಎರಡನೆಯದನ್ನು ಬಿಚ್ಚುವಾಗ ಹಿಂದೆ ಬಳೆ ಸದ್ದಾಯಿತು. ಅತ್ತೆ ನಿಂತಿದ್ದರು, ಹೊಸ ಕನ್ನಡಕ ಹಾಕಿಕೊಂಡು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

“ಬೇಗ ಮುಗ್ಸು,” ಎಂದರು. “ನಾನು ಬಾಗ್ಲಲ್ಲಿ ಅಕ್ಕಿ ಆರಿಸ್ತಾ ಕೂತ್ಕೋತೀನಿ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಅಂದುಕೊಂಡು ನಾನು ಆ ಕೆಲಸ ಮಾಡಿದೆ. ಹಾವು ಇನ್ನೂ ಬಲಿಯುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಇಂಟರ್‌ವ್ಯೂ ದಿನ ಕಾರು ಓಡಿದ್ದನ್ನು ಏನೆಂದು ಹೇಳಲಿ. ಒಂದು ಸಲವೂ ಬಿಕ್ಕಳಿಸಲಿಲ್ಲ. ದೇವನಹಳ್ಳಿ ದಾಟಿತು, ಚಿಕ್ಕಜಾಲ ದಾಟಿತು, ಹೆಬ್ಬಾಳದ ಏರನ್ನು ನಕ್ಕುಕೊಂಡು ಏರಿತು. ಹೊರಡುವ ಮುಂಚೆ ನಾನೇ ರೇಡಿಯೇಟರಿಗೆ ಮಳೆನೀರು ತುಂಬಿಸಿದ್ದೆ, ಕುದಿಯಲೂ ಇಲ್ಲ. ಮುಂದಿನ ಸೀಟಿನಲ್ಲಿ ಮಾವ ಮೀಸೆಯ ಮೇಲೆ ಕೈಯಾಡಿಸುತ್ತ, ತಂಪು ಹಿಡಿಯಿತು, ನೋಡಿದಿರಾ, ತಂಪು ಹಿಡಿಯಿತು ಎನ್ನುತ್ತಲೇ ಇದ್ದರು. ನಾನು ಹಿಂದಿನ ಸೀಟಿನಲ್ಲಿ ಸರ್ಟಿಫಿಕೇಟು ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿ ಕೂತಿದ್ದೆ. ಪಕ್ಕದಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಇಂಟರ್‌ವ್ಯೂ ಕೋಣೆಯ ಒಳಗೆ ಮೂವರು ಕೂತಿದ್ದರು. ಮಕ್ಕಳಿಗೆ ಅರ್ಥವಾಗುವ ಹಾಗೆ ಏನಾದರೂ ಒಂದು ಪಾಠ ಮಾಡಿ ಎಂದರು. ಹಸಿ ಸೌದೆ ಏಕೆ ಹೊಗೆಯಾಡುತ್ತದೆ ಎಂದು ಐದು ನಿಮಿಷ ಹೇಳಿದೆ. ಅವರಲ್ಲೊಬ್ಬರು ನನ್ನ ಉಗುರಿನ ಸಂದಿನ ಕಪ್ಪನ್ನು ನೋಡಿದರು, ಒಲೆಯ ಮಸಿ ಎಂದುಕೊಂಡಿರಬೇಕು.

ಎರಡು ತಿಂಗಳಿಗೆ ಆರ್ಡರ್ ಬಂತು. ಸೂಲಿಬೆಲೆಯ ಆಚೆ ಒಂದು ಹಳ್ಳಿಯ ಶಾಲೆ. ತಿಂಗಳೊಳಗೆ ಹೋಗಿ ಸೇರಬೇಕಿತ್ತು. ಆ ಎರಡು ತಿಂಗಳಲ್ಲಿ ಮಾವನ ತಂಪು ಪ್ಲಗ್ಗಿನ ಕೀರ್ತಿ ಊರೆಲ್ಲ ಹರಡಿತ್ತು. ಜನ ತಮ್ಮ ಪಂಪ್‌ಸೆಟ್ಟಿಗೆ, ಮೋಟಾರ್‌ಸೈಕಲ್ಲಿಗೆ ಯಾವುದು ಹಾಕಬೇಕೆಂದು ಅವರನ್ನು ಕೇಳಲು ಬರುತ್ತಿದ್ದರು. ನನ್ನ ಅಪ್ಪನ ಪ್ಲಗ್ಗುಗಳ ಮೇಲೆ ಓಡುತ್ತ ನನ್ನ ಅಪ್ಪನನ್ನೇ ಹಂಗಿಸುತ್ತಿದ್ದರು. ಡ್ರೈವರ್ ಮಾತು ಕೇಳಿದ್ದರೆ ಹೆಬ್ಬಾಳದಲ್ಲಿ ತಳ್ಳಬೇಕಾಗಿತ್ತು ಎನ್ನುತ್ತಿದ್ದರು. ನಾನು ಕಾಫಿ ಕೊಡುತ್ತ ಇದನ್ನೆಲ್ಲ ಕೇಳಿಸಿಕೊಂಡೆ. ಆರ್ಡರ್ ಬರುವವರೆಗೆ ಬಾಯಿ ಬಿಡಬಾರದೆಂದು ನನಗೆ ನಾನೇ ಆಣೆ ಹಾಕಿಕೊಂಡಿದ್ದೆ.

ಆರ್ಡರ್ ಬಂದ ಮಾರನೆಯ ದಿನ ಮಾರುಕಟ್ಟೆಯ ಇಬ್ಬರು ಹಿರಿಯರು ಜಗಲಿಯಲ್ಲಿ ಕೂತಿದ್ದರು. ಸೊಸೆಯನ್ನು ಯಾವಾಗ ಕಳಿಸುತ್ತೀರಿ ಎಂದು ಅವರೇ ಕೇಳಿದರು. ನಾನು ಬಾಗಿಲ ಮರೆಯಲ್ಲಿ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದೆ.

ಮಾವ ಎರಡು ಕಾರಣ ಹೇಳಿದರು. ದಿನವೂ ಕಾರಿನಲ್ಲಿ ಕಳಿಸಲಾಗುವುದಿಲ್ಲ, ಓಡುವ ಕಾರು ಮನೆ ಮುಂದೆ ಇಟ್ಟುಕೊಂಡು ಬಸ್ಸಿನಲ್ಲಿ ಕಳಿಸಿದರೆ ಊರು ಬಾಯಿಗೆ ಬಂದ ಹಾಗೆ ಆಡುತ್ತದೆ, ಇದು ಒಂದು. ಇನ್ನೊಂದನ್ನು ಅವರು ನಗುತ್ತ ಹೇಳಿದರು.

“ಈ ಹುಡುಗಿಗೆ ತನಗೇ ಎಲ್ಲಾ ಗೊತ್ತು ಅಂತ. ಪ್ಲಗ್ ವಿಷಯದಲ್ಲಿ ಇವಳ ಮಾತು ಕೇಳಿದ್ರೆ ಏನಾಗ್ತಿತ್ತು, ನೀವೇ ನೋಡಿದ್ರಲ್ಲ. ಈ ಕೆಲ್ಸದ ವಿಷಯಾನೂ ಅಷ್ಟೇ. ಬರ್ದು ಹಾಕ್ತೀನಿ, ಬ್ಯಾಡ ಅಂತ.”

ತಟ್ಟೆಯನ್ನು ಹೊಸ್ತಿಲ ಮೇಲಿಟ್ಟೆ. ಒಳಗೆ ಹೋದೆ. ಟ್ರಂಕಿನ ತಳದಲ್ಲಿ ಸರ್ಟಿಫಿಕೇಟಿನ ಜಾಗದಲ್ಲಿ ಈಗ ಆ ನಾಲ್ಕು ಕೋಲ್ಡ್ ಪ್ಲಗ್ಗು ಇದ್ದವು. ಅವನ್ನು ತಂದು ಎಲೆ ಅಡಿಕೆ ತಟ್ಟೆಯಲ್ಲಿ ವೀಳ್ಯದೆಲೆಯ ಪಕ್ಕ ಸಾಲಾಗಿ ಜೋಡಿಸಿ, ಜಗಲಿಗೆ ಹೋಗಿ ಮಾವನ ಮುಂದೆ ಇಟ್ಟೆ. ಮೂತಿಗೆಲ್ಲ ಮಸಿ, ಮೈಮೇಲೆ ಕುಂಕುಮ. ಇವು ನೀವು ಪೂಜೆ ಮಾಡಿದವು ಮಾವ, ಇಂಟರ್‌ವ್ಯೂ ಹಿಂದಿನ ದಿನದಿಂದ ಟ್ರಂಕಿನಲ್ಲಿವೆ, ಗಾಡಿಯಲ್ಲಿ ಓಡುತ್ತಿರುವುದು ನಮ್ಮಪ್ಪ ತಂದದ್ದು ಎಂದೆ.

ಹಿರಿಯರಲ್ಲೊಬ್ಬರು ಒಂದು ಪ್ಲಗ್ಗನ್ನು ಎತ್ತಿ ನೋಡಿ, ಬೆರಳಿಗೆ ಅಂಟಿದ ಮಸಿಯನ್ನು ಕಂಬಕ್ಕೆ ಒರೆಸಿಕೊಂಡರು. ಮಾವ, ಯಾರು ಬಿಚ್ಚಿದ್ದು ಎಂದರು. ನಾನು ಬಾಯಿ ತೆರೆಯುವ ಮುಂಚೆ ಹಿಂದಿನಿಂದ ಅತ್ತೆಯ ದನಿ ಬಂತು.

“ನಾನೇ ನಿಂತು ಬಿಚ್ಚಿಸ್ದೆ. ನನ್ನ ತಮ್ಮ ತಂದಿದ್ದು, ನನ್ನ ಸೊಸೆ ಹಾಕಿದ್ದು.”

ನಲವತ್ತು ವರ್ಷದ ಸಂಸಾರದಲ್ಲಿ ಅತ್ತೆ ಬೇರೆಯವರ ಮುಂದೆ ಅವರಿಗೆ ಎದುರಾಡಿದ್ದು ಅದೊಂದೇ ಸಲ ಎಂದು ಕಾಣುತ್ತದೆ. ಆಗಲಾದರೂ ಮಾವ ನಕ್ಕುಬಿಟ್ಟಿದ್ದರೆ, ಹೌದಪ್ಪ, ಸೋತೆ ಎಂದಿದ್ದರೆ ನಾನು ಎಲ್ಲವನ್ನೂ ಮರೆಯುತ್ತಿದ್ದೆನೇನೋ. ಅವರು ತಟ್ಟೆಯಿಂದ ನಾಲ್ಕೂ ಪ್ಲಗ್ಗು ತೆಗೆದು ಪಂಚೆಯಲ್ಲಿ ಒರೆಸಿ, ಪಕ್ಕದಲ್ಲೇ ಕೂತಿದ್ದ ಮಗನ ಕೈಗೆ ಕೊಟ್ಟರು. ಅವನ್ನು ಈಗಲೇ ಬಿಚ್ಚಿ ಇವನ್ನು ಹಾಕಿಸು, ಇವಕ್ಕೆ ಪೂರ್ತಿ ಪಥ್ಯ ಆಗಿರಲಿಲ್ಲ ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನನ್ನ ಗಂಡ ಎದ್ದು ಹೋಗಿ ಹೇಳಿದ ಹಾಗೆಯೇ ಮಾಡಿಸಿದರು. ಅಪ್ಪನ ಪ್ಲಗ್ಗುಗಳನ್ನು ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ನನ್ನ ಮುಖ ನೋಡದೆ ಹೋದರು. ಅವರನ್ನು ನಾನು ನಂತರ ಕ್ಷಮಿಸಿದೆ. ಆ ದಿನವನ್ನು ಕ್ಷಮಿಸಿಲ್ಲ.

ಬೇಡ ಎಂಬ ಕಾಗದವನ್ನು ಮಾತ್ರ ಮಾವ ಬರೆಯಲಿಲ್ಲ. ಬರೆಯುವುದಕ್ಕೆ ಹೇಳಿಕೊಂಡಿದ್ದ ದೊಡ್ಡ ಕಾರಣ ಇಬ್ಬರು ಸಾಕ್ಷಿಗಳ ಮುಂದೆ ತಟ್ಟೆಯಲ್ಲಿ ಕಪ್ಪಾಗಿ ಬಿದ್ದಿತ್ತು. ಉಳಿದದ್ದು ಓಡುವ ಕಾರಿನ ಮಾತೊಂದೇ. ಅದನ್ನು ಅವರೇ ತೀರಿಸಿದರು. ಎರಡೇ ವಾರಕ್ಕೆ ಕಾರು ಗೂಡಿನ ಮಾರುಕಟ್ಟೆಯ ಎದುರಿಗೇ ನಿಂತುಹೋಯಿತು. ಊರವರ ಕೈಯಲ್ಲಿ ತಳ್ಳಿಸಿಕೊಂಡು ಮನೆಗೆ ಬಂತು. ಬ್ಯಾಟರಿ ಸರಿಯಿಲ್ಲ ಎಂದರು, ಪೆಟ್ರೋಲಿನಲ್ಲಿ ನೀರು ಬೆರೆಸಿದ್ದಾರೆ ಎಂದರು, ಯಾರದೋ ದೃಷ್ಟಿ ಎಂದರು. ಪ್ಲಗ್ಗು ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ, ಬೇರೆಯವರು ಎತ್ತುವ ಧೈರ್ಯ ಮಾಡಲಿಲ್ಲ. ಕಾರು ಹುಣಸೆಮರದ ಕೆಳಗೆ ನಿಂತಿತು.

ಕೆಲಸಕ್ಕೆ ಸೇರುವ ಕೊನೆಯ ದಿನ ಇನ್ನೂ ಬಾರದಿರುವಾಗ, ಒಂದು ಬೆಳಗ್ಗೆ ಎದ್ದು, ಬುತ್ತಿ ಕಟ್ಟಿಕೊಂಡು ಜಗಲಿಗೆ ಬಂದೆ. ಮಾವ ಕಾಫಿ ಕುಡಿಯುತ್ತಿದ್ದರು. ಹೇಗೆ ಹೋಗುತ್ತೀಯ ಎಂದು ಕೇಳಿದರು. ಬಸ್ಸಿನಲ್ಲಿ ಎಂದೆ. ಅವರು ಏನೋ ಹೇಳಲು ಹೊರಟು ಕಾರಿನ ಕಡೆ ನೋಡಿದರು. ಅದರ ಬಾನೆಟ್ಟಿನ ಮೇಲೆ ಹುಣಸೆ ಎಲೆ ಉದುರಿತ್ತು. ಮನೆ ಮುಂದೆ ಓಡುವ ಕಾರು ಇಲ್ಲವಲ್ಲ ಮಾವ ಎಂದು ಮೆತ್ತಗೆ ಹೇಳಿ ಮೆಟ್ಟಿಲು ಇಳಿದೆ. ಅಷ್ಟು ಮೆತ್ತಗೆ ನಾನು ಯಾರಿಗೂ ಯಾವತ್ತೂ ಬೈದಿಲ್ಲ.

ಸೂಲಿಬೆಲೆಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಅಪ್ಪ ಟ್ಯಾಕ್ಸಿಯನ್ನು ಮರದ ನೆರಳಿಗೆ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬುತ್ತಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದ ಅವನ ಗಂಟನ್ನು ವಾಪಸು ಕೊಟ್ಟೆ. ಬಿಚ್ಚಿ, ಒಂದೊಂದೇ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ತುದಿ ನೋಡಿದ. ಹೊಸ ಹೆಂಚಿನ ಬಣ್ಣ, ನಾಲ್ಕಕ್ಕೆ ನಾಲ್ಕೂ. ಚೆನ್ನಾಗಿ ಉರಿದಿವೆ ಎಂದ. ಆಮೇಲೆ ಬೀಗರ ಗಾಡಿ ಹೇಗಿದೆ ಎಂದು ಕೇಳಿದ. ನಿಂತಿದೆ ಎಂದೆ.

ಅಪ್ಪನ ಮುಖ ಸಪ್ಪಗಾಯಿತು. ಯಾರದೇ ಆಗಲಿ, ಗಾಡಿ ನಿಂತಿದೆ ಎಂದರೆ ಅವನಿಗೆ ತಡೆಯುತ್ತಿರಲಿಲ್ಲ. ಪ್ಲಗ್ಗುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಹಿಡಿಸಲು ಬಂದ.

“ತಗೊಂಡೋಗವ್ವ. ಯಾರೂ ಇಲ್ದಾಗ ಹಾಕ್ಬಿಡು. ಪಾಪ, ವಯಸ್ಸಾದೋರು, ಓಡಾಡ್ಲಿ.”

ಆ ಕಾರು ಮತ್ತೆ ಓಡಿದ ದಿನ ನನ್ನ ಬಸ್ಸು ನಿಲ್ಲುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಹೊಳೆಯದೆ ಇದ್ದಿದ್ದರೂ ನಾನು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ.

“ಬೇಡಪ್ಪ,” ಎಂದೆ. “ಅದು ತಣ್ಣಗೇ ಇರ್ಲಿ.”

ಅಪ್ಪ ನನ್ನನ್ನು ಒಂದು ಸಲ ನೋಡಿದ, ಗಂಟನ್ನು ಸೀಟಿನ ಕೆಳಗೆ ಇಟ್ಟ. ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ.